ಹಿಂಡುವ ಯಂತ್ರಕ್ಕೆ ಹೆಸರು ಕೆತ್ತಿಸಿದ್ದು

ಯಾವುದೇ ಲೋಹದ ಸಾಮಾನು ಮನೆಗೆ ಬರಲಿ, ಹೆಸರು ಹಾಕಿಸದೆ ಅದನ್ನು ಒಳಗೆ ಇಟ್ಟುಕೊಳ್ಳುವವಳು ನಾನಲ್ಲ. ಚಟ ಅನ್ನಿ, ಜಿಪುಣತನ ಅನ್ನಿ, ನನಗೇನೂ ಬೇಜಾರಿಲ್ಲ. ಚಮಚಕ್ಕೂ ಹಾಕಿಸಿದ್ದೇನೆ. ಹಿಡಿಕೆಯಲ್ಲಿ ಜಾಗ ಸಾಲದೆ ನಮ್ಮವರ ಹೆಸರಿನ ಕೊನೆಯ ಅಕ್ಷರ ಕೆಳಗಿನ ಗುಂಡಿಗೆ ಇಳಿದುಬಿಟ್ಟಿದೆ. ಉಪ್ಪಿಟ್ಟು ತಿನ್ನುವಾಗ ಅದು ನಾಲಗೆಗೆ ತಾಗುತ್ತದೆ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ಬೆಳೆಸಿದರು, ಹೇಳಿಲ್ಲ. ಚಮಚದಿಂದ ಬಾಯಿಗೆ ಹೋದರೆ ಅದು ನನ್ನ ತಪ್ಪಲ್ಲ.

ನನ್ನ ಓದು ಅಷ್ಟಕ್ಕಷ್ಟೇ. ಎರಡನೇ ಇಯತ್ತೆಗೆ ಶಾಲೆ ಬಿಡಿಸಿದರು. ಪೇಪರು ಹಿಡಿದು ಕೂತರೆ ಒಂದು ಸುದ್ದಿ ಮುಗಿಸುವಷ್ಟರಲ್ಲಿ ಅದು ನಿನ್ನೆಯದಾಗಿರುತ್ತದೆ. ಆದರೆ ಪಾತ್ರೆಯ ಮೇಲಿನ ಬರಹ ಎಷ್ಟೇ ಸವೆದಿರಲಿ, ಬೆರಳು ಆಡಿಸಿ ಓದಿಬಿಡುತ್ತೇನೆ. ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಇರುವವರಲ್ಲಿ ಅರ್ಧಕ್ಕರ್ಧ ಜನ ಸತ್ತವರು. ಲೋಕಿಕೆರೆಯ ಸೋದರಮಾವ ನನ್ನ ಮದುವೆಗೆ ಕೊಟ್ಟ ಕೊಡದ ಮೇಲೆ ಇದ್ದಾನೆ. ಭಾನುವಳ್ಳಿಯ ನಾದಿನಿ ಬೋಗುಣಿಯ ತಳದಲ್ಲಿ ಇದ್ದಾಳೆ, ಬದುಕಿದ್ದಾಗ ಹೇಗೋ ಹಾಗೇ ಮಸಿ ಹಿಡಿದುಕೊಂಡು. ಕೊಟ್ಟವರೂ ಹೋದರು, ಇಸಕೊಂಡವರೂ ಹೋದರು, ಅನ್ನ ಮಾತ್ರ ಬೇಯುತ್ತಿದೆ. ಮದುವೆ ಮುಂಜಿಗೆ ಓಣಿಯ ಪಾತ್ರೆಗಳೆಲ್ಲ ಒಂದೇ ಚಪ್ಪರಕ್ಕೆ ಹೋಗುತ್ತವೆ. ಮುಗಿದ ಮೇಲೆ ಅವು ಮನೆ ಸೇರುವುದು ಹೆಸರಿನಿಂದಲೇ. ಹೆಸರಿಲ್ಲದ ಪಾತ್ರೆ ಯಾರ ಕೈಗೆ ಸಿಕ್ಕಿತೋ ಅವರದು. ಅದಕ್ಕೇ ನಮ್ಮಲ್ಲಿ ಮೊದಲು ಹೆಸರು, ಆಮೇಲೆ ಒಲೆ.

ಈ ಬುದ್ಧಿಯೇ ನನ್ನನ್ನು ಒಂದು ಸಲ ಚೆನ್ನಾಗಿ ತಿಂದಿತು.

ನಮ್ಮವರು ದಾವಣಗೆರೆಯ ಕಾಟನ್ ಮಿಲ್ಲೊಂದರಲ್ಲಿ ಫಿಟ್ಟರ್ ಆಗಿದ್ದರು. ಮಿಲ್ಲು ಮುಚ್ಚಿದ ಮೇಲೆ ಮೂರು ವರ್ಷ ಜಗಲಿಯ ಮೇಲೆ ಕೂತರು. ನಮ್ಮೂರು ಜಿಲ್ಲೆಯಾಗಿ ವರ್ಷ ತುಂಬುವ ಹೊತ್ತಿಗೆ ಲಕ್ವ ಹೊಡೆದು ಮಲಗಿದರು. ಬಲಗೈ ಇಲ್ಲ, ಬಲಗಾಲಿಲ್ಲ, ಮಾತಿಲ್ಲ. ಎಡಗೈ ಮತ್ತು ಕಣ್ಣು, ಇವೆರಡೇ ಉಳಿದವು. ಮೊದಲೂ ಅವರು ಮಾತಾಡುತ್ತಿದ್ದದ್ದು ಕಡಿಮೆಯೇ, ಆದ್ದರಿಂದ ಆ ನಷ್ಟ ನನಗೆ ತಿಳಿಯಲು ಸ್ವಲ್ಪ ದಿನ ಹಿಡಿಯಿತು. ತಕ್ಷಣ ತಿಳಿದದ್ದು ಬಟ್ಟೆ. ಮಲಗಿದ ಗಂಡಸಿನ ಕೆಳಗೆ ದಿನಕ್ಕೆ ನಾಲ್ಕು ಚಾದರ, ಎರಡು ಕೌದಿ. ಹಳೆಯ ಸೀರೆಗಳನ್ನು ಹೊಲಿದು ಮಾಡಿದ ಕೌದಿ ಒಣಗಿದ್ದಾಗ ಮೆತ್ತಗೆ ಇರುತ್ತದೆ. ಒದ್ದೆಯಾದರೆ ಹೆಣದಷ್ಟು ಭಾರ. ಒಬ್ಬಳೇ ಹಿಂಡಲಿಕ್ಕೆ ಆಗುವುದಿಲ್ಲ. ಕಂಬಕ್ಕೆ ಒಂದು ತುದಿ ಸುತ್ತಿ, ಇನ್ನೊಂದು ತುದಿ ಹಿಡಿದು ತಿರುಚುತ್ತಿದ್ದೆ. ಕಂಬ ಗಟ್ಟಿಯಿತ್ತು, ನನ್ನ ಮಣಿಕಟ್ಟು ಗಟ್ಟಿಯಿರಲಿಲ್ಲ.

ಬಟ್ಟೆ ಒಗೆಯುವ ಹೊನ್ನಮ್ಮ ಒಂದು ವಾರ ಒಗೆದು ಕೊಟ್ಟಳು. ಎಂಟನೇ ದಿನ ಬಾಗಿಲಲ್ಲೇ ನಿಂತು, "ಅಮ್ಮಾರೇ, ಉಳಿದಿದ್ದು ಏನಾರ ಇದ್ರೆ ಕೊಡ್ರಿ. ಇದೊಂದು ನನ್ ಕೈಲಿ ಆಗಲ್ರಿ" ಅಂದಳು. ನನಗೆ ಸಿಟ್ಟು ಬರಲಿಲ್ಲ. ಅದು ನನ್ನ ಕೈಲೂ ಆಗುತ್ತಿರಲಿಲ್ಲ. ಆದರೆ ಅವಳಿಗೆ ಹೇಳಲಿಕ್ಕೆ ನಾನಿದ್ದೆ, ನಾನು ಯಾರ ಬಾಗಿಲಲ್ಲಿ ನಿಂತು ಹೇಳಲಿ?

ಮುಂಗಾರು ಶುರುವಾಯಿತು. ಮನೆಯೊಳಗೆ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಕೆಳಗೆ ಇದ್ದಿಲು ಒಲೆ ಇಟ್ಟರೂ ಕೌದಿ ಒಣಗುತ್ತಿರಲಿಲ್ಲ. ಅರೆ ಒದ್ದೆಯದನ್ನೇ ಹಾಸುತ್ತಿದ್ದೆ. ಒಂದು ಬೆಳಿಗ್ಗೆ ಮಗ್ಗುಲು ತಿರುಗಿಸಿದಾಗ ಸೊಂಟದ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಹುಣ್ಣು ಕಂಡಿತು. ಡಾಕ್ಟರು ಬಂದು ನೋಡಿದರು. "ಮುಲಾಮು ಕೊಡ್ತೀನಿ. ಆದ್ರೆ ಒದ್ದೆ ಹಾಸಿಗೆ ಮೇಲೆ ಮುಲಾಮು ಹಚ್ಚೋದು ಒಂದೇ, ಬಿಡೋದು ಒಂದೇ. ಹಾಸಿಗೆ ಒಣಗಿರಬೇಕು. ಈ ಹುಣ್ಣು ಮೂಳೆಗೆ ಇಳಿದ್ರೆ ಆಮೇಲೆ ನನ್ನ ಕರೀಬೇಡಿ" ಅಂದರು. ಅವರ ಮಾತು ನನಗೆ ಹಿಡಿಸಿತು. ಸುತ್ತಿ ಬಳಸಿ ಹೇಳುವ ಡಾಕ್ಟರು ನನಗೆ ಆಗಿಬರುವುದಿಲ್ಲ.

ಹರಿಹರದಲ್ಲಿ ನನ್ನ ತಂಗಿ ಶಾಂತಾಳ ಮನೆ. ಅವಳ ಮನೆಯಲ್ಲಿ ಕೇಬಲ್ ಟೀವಿ ಇತ್ತು, ಫೋನಿತ್ತು. ಬೆಳಗಿನ ಹೊತ್ತು ಆ ಟೀವಿಯಲ್ಲಿ ಸಾಮಾನು ಮಾರುವ ಕಾರ್ಯಕ್ರಮ ಬರುತ್ತಿತ್ತು. ಅಲ್ಲೊಬ್ಬಳು ಹೆಂಗಸು ನೀರು ಸೋರುವ ದಪ್ಪ ಕಂಬಳಿಯನ್ನು ಯಂತ್ರದೊಳಗೆ ತುರುಕಿ, ಗುಂಡಿ ತಿರುಗಿಸಿ, ಒಂದು ನಗೆ ನಕ್ಕು, ಮತ್ತೆ ಕಂಬಳಿಯನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸುತ್ತಿದ್ದಳು. ನಾನು ಎಲ್ಲ ಬಿಟ್ಟು ಆ ಒಂದು ಕೈಯನ್ನೇ ನೋಡಿದೆ. ಫೋನ್ ಮಾಡಿದರೆ ಸಾಕು, ಲಾರಿಯಲ್ಲಿ ಸಾಮಾನು ಬರುತ್ತದೆ, ಕೆಟ್ಟಿದ್ದರೆ ವಾಪಸ್ ತಗೊಂಡು ಬೇರೆ ಕೊಡುತ್ತಾರೆ ಅಂತ ಶಾಂತಾ ಹೇಳಿದಳು.

ದಾವಣಗೆರೆಯಲ್ಲಿ ಅಂಗಡಿ ಇರಲಿಲ್ಲವೇ? ಇದ್ದವು. ಮಂಡಿಪೇಟೆಯಲ್ಲೇ ಇದ್ದವು. ಆದರೆ ಅಂಗಡಿಯವನು ನಮ್ಮ ಕಡೆಯವನೇ ಆಗಿರುತ್ತಾನೆ. ಕೂಡ್ರಿಸಿ, ಚಹಾ ತರಿಸಿ, "ಏನಮ್ಮಾ, ಈ ವಯಸ್ಸಿನಾಗ ಮಿಷಿನ್ನು ಯಾಕ ಬೇಕಾತು, ಯಾರ ಬಟ್ಟೆಗೆ?" ಅಂತ ಕೇಳುತ್ತಾನೆ. ನಾನು ಹೇಳಬೇಕು, ಅವನು ಚ್ ಚ್ ಅನ್ನಬೇಕು, ಸಂಜೆಯೊಳಗೆ ಊರಿಗೆಲ್ಲ ನಮ್ಮವರ ಹಾಸಿಗೆಯ ಸುದ್ದಿ. ಟೀವಿಯ ಹೆಂಗಸು ಏನೂ ಕೇಳಲಿಲ್ಲ. ಶಾಂತಾಳಿಂದಲೇ ಫೋನ್ ಮಾಡಿಸಿದೆ. ದುಡ್ಡು ನನ್ನದು, ಕೈಯಿಂದ ತೆಗೆದು ಕೊಟ್ಟೆ. ಎಲ್ಲಿಂದ ಬಂತು ಅಂತ ನೀವೂ ಕೇಳಬೇಡಿ.

ಯಂತ್ರ ಹರಿಹರದ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಬಂತು. ಶಾಂತಾ ಅದನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು, ತಾನೂ ಪಕ್ಕದಲ್ಲಿ ಕೂತು ತಂದಳು. ಒಳ್ಳೆ ಎತ್ತರದ ಪೆಟ್ಟಿಗೆ, ಬಿಳಿ ಬಣ್ಣದ ತಗಡಿನ ಮೈ. ಮೇಲೆ ಎರಡು ಬಾಯಿ, ಒಂದು ಒಗೆಯುವುದಕ್ಕೆ, ಒಂದು ಹಿಂಡುವುದಕ್ಕೆ. ಅದು ಬಂದ ರಟ್ಟಿನ ಡಬ್ಬಿ ಎಷ್ಟು ದಪ್ಪವಿತ್ತು ಎಂದರೆ, ಬಿಸಾಡಲು ಮನಸ್ಸಾಗದೆ ಬಿಡಿಸಿ ನಮ್ಮವರ ಹಾಸಿಗೆಯ ಕೆಳಗೆ ಹಾಸಿದೆ. ಒಳಗಿದ್ದ ಥರ್ಮಾಕೋಲ್ ತುಂಡುಗಳು ಅವರ ಹಿಮ್ಮಡಿಗೆ ಸರಿಯಾಗಿ ಒತ್ತುಕೊಟ್ಟವು. ಯಂತ್ರಕ್ಕೆ ವಿಭೂತಿ ಎಳೆದು, ಕುಂಕುಮ ಇಟ್ಟು, ಕಾಯಿ ಒಡೆದೆ. ಮತ್ತೆ ಪಾತ್ರೆ ಅಂಗಡಿಯ ಚಂದ್ರಪ್ಪನನ್ನು ಕರೆಸಿದೆ.

ಚಂದ್ರಪ್ಪ ಪಾತ್ರೆಗೆ ಹೆಸರು ಕೊರೆಯುವ ಕರೆಂಟಿನ ಪೆನ್ನು ಹಿಡಿದುಕೊಂಡು ಬಂದ. "ನಮ್ಮ ಅಂಗಡಿ ಸಾಮಾನಿಗೆ ಪುಕ್ಕಟೆ ಬರೀತೀವ್ರಿ ಅಮ್ಮಾರೇ. ಇದು ಎಲ್ಲಿದೋ ಮುಂಬೈದು" ಅಂತ ಗೊಣಗಿದ. ಗೊಣಗುತ್ತಲೇ ಮುಂದುಗಡೆ ಎದೆಯ ಮೇಲೆ, ಅಂಗೈ ಅಗಲದ ಅಕ್ಷರಗಳಲ್ಲಿ ನಮ್ಮವರ ಹೆಸರು, ಕೆಳಗೆ ದಾವಣಗೆರೆ, ಸುತ್ತ ಒಂದು ಬಳ್ಳಿ ಕೊರೆದ. ಪಾತ್ರೆಯ ಮೇಲೆ ಅಷ್ಟು ಜಾಗ ಅವನಿಗೆ ಯಾವತ್ತೂ ಸಿಕ್ಕಿರಲಿಲ್ಲ. ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು ತಾನೇ ನೋಡಿಕೊಂಡ.

ಇಷ್ಟೆಲ್ಲ ಆದ ಮೇಲೆ ಯಂತ್ರ ಚಾಲೂ ಮಾಡಿದೆವು. ಮೊದಲೇ ಚಾಲೂ ಮಾಡಿ ನೋಡಬೇಕಿತ್ತು ಅಂತ ಆಮೇಲೆ ಹತ್ತು ಜನ ಬುದ್ಧಿ ಹೇಳಿದರು. ತಪ್ಪಲೆಯನ್ನು ಯಾರು ಚಾಲೂ ಮಾಡಿ ನೋಡುತ್ತಾರೆ? ತಗಡಿನ ಸಾಮಾನು ಎಂದರೆ ನನಗೆ ತಪ್ಪಲೆಯೇ.

ಒಗೆಯುವ ಬಾಯಿ ಚೆನ್ನಾಗಿ ಒಗೆಯಿತು. ಹಿಂಡುವ ಬಾಯಿಗೆ ಕೌದಿ ಹಾಕಿದರೆ ಯಂತ್ರ ಗುರ್ ಅಂತು, ಮೈ ನಡುಗಿಸಿತು, ಎರಡು ಸುತ್ತು ತಿರುಗಿ ನಿಂತಿತು. ಸುಟ್ಟ ವಾಸನೆ ಬಂತು. ಮತ್ತೆ ಹಾಕಿದೆ, ಮತ್ತೆ ನಿಂತಿತು. ಒಳಗೆ ಮಂಚದ ಮೇಲೆ ನಮ್ಮವರು ಎಡಗೈಯಿಂದ ಗೋಡೆ ಬಡಿಯುತ್ತಿದ್ದರು. ಹೋಗಿ ನೋಡಿದರೆ ಗಾಳಿಯಲ್ಲಿ ಒಂದು ಸುತ್ತು ಬರೆದು, ಬೆರಳು ಮುರಿದಂತೆ ಮಾಡಿ, ಕೈ ಬೀಸಿದರು. ಮೂವತ್ತು ವರ್ಷ ಮಿಲ್ಲಿನ ಸದ್ದು ಕೇಳಿದ ಕಿವಿ, ಮೋಟಾರೇ ಕೆಟ್ಟಿದೆ, ಕೈ ಬಿಡು ಅನ್ನುತ್ತಿತ್ತು. ನನಗೆ ತಿಳಿಯಲಿಲ್ಲ. ನೀರು ಕುಡಿಸಿ ಬಂದೆ. ಊರಿನ ಮೆಕ್ಯಾನಿಕ್ ಒಬ್ಬ ಬಂದು ಕಿವಿಗೊಟ್ಟು ಅದನ್ನೇ ಹೇಳಿದ. ಬಿಚ್ಚಿದರೆ ಕಂಪನಿಯ ಸೀಲು ಹೋಗುತ್ತದೆ, ಸೀಲು ಹೋದರೆ ವಾಪಸ್ ಇಲ್ಲ ಅಂದು, ಮುಟ್ಟದೆ ಹೋದ.

ಎಸ್ಟಿಡಿ ಬೂತಿಗೆ ಹೋಗಿ ಫೋನ್ ಮಾಡಿದೆ. ನಾಲ್ಕು ಸಲ ಹಿಂದಿಯವರು ಸಿಕ್ಕರು, ಐದನೇ ಸಲ ಬೆಂಗಳೂರಿನ ಆಫೀಸಿನಲ್ಲಿ ಒಬ್ಬಳು ಕನ್ನಡದ ಹುಡುಗಿ ಸಿಕ್ಕಳು. ದನಿ ಮೆತ್ತಗಿತ್ತು.

"ತಗೋತೀವಿ ಮೇಡಂ. ಆದ್ರೆ ಪೀಸ್ ಹೇಗೆ ಬಂದಿತ್ತೋ ಹಾಗೇ ಬರಬೇಕು. ಬಾಕ್ಸ್ ಇದೆಯಾ?"

"ಐತೆ. ಕೊಡಾಕೆ ಬರಲ್ಲ."

"ಯಾಕೆ ಮೇಡಂ?"

"ಅದರ ಮ್ಯಾಲೆ ನಮ್ಮನಿಯವ್ರು ಮಲಗ್ಯಾರೆ."

"ಥರ್ಮಾಕೋಲ್?"

"ಅದು ಅವರ ಹಿಮ್ಮಡಿ ಕೆಳಗೈತೆ."

"ಸರಿ, ಗೋಣಿಯಲ್ಲಿ ಹೊಲಿದು ಕಳಿಸಿ. ಮೈ ಮೇಲೆ ಗೀರು, ಬರಹ ಏನೂ ಇಲ್ಲ ತಾನೇ?"

"ಹೆಸರೈತೆ."

"ಕಂಪನಿ ಹೆಸರಾ?"

"ಅಲ್ಲವ್ವಾ, ನಮ್ಮನಿಯವ್ರದು."

"ಅಯ್ಯೋ, ಯಾಕೆ ಬರೆಸಿದ್ರಿ?"

"ಮತ್ತ್ಯಾರದು ಬರೆಸಬೇಕಿತ್ತು?"

ಬೂತಿನ ಹೊರಗೆ ಸಾಲು ನಿಂತವರು ನಗುತ್ತಿದ್ದರು. ಅವಳು ನಗಲಿಲ್ಲ. ಹೆಸರಿರುವ ಪೀಸನ್ನು ಗೋಡೌನಿನವರು ಇಳಿಸಿಕೊಳ್ಳುವುದೇ ಇಲ್ಲ, ಅದನ್ನು ಅಳಿಸಿ ಕಳಿಸಿ ಅಂದಳು. ಅವಳಿಗೆ ಅದು ಸ್ಲೇಟಿನ ಮೇಲಿನ ಬರಹ.

ಚಂದ್ರಪ್ಪನ ಹತ್ತಿರ ಹೋದೆ. ಅವನು ಪೆನ್ನು ಕೆಳಗಿಟ್ಟು ಕೈ ಮುಗಿದ. "ಹಾಕೋದು ನನ್ ಕಸುಬು, ತೆಗಿಯೋದಲ್ರಿ. ತೀರ್ಕೊಂಡೋರ ಹೆಸರನ್ನೇ ನಾವು ತೆಗಿಯಲ್ಲ. ಇರೋರದನ್ನ ತೆಗಿ ಅಂತೀರಲ್ರಿ ಅಮ್ಮಾರೇ!" ಎಂದ. ಹರಿಹರದಿಂದ ಓಡಿ ಬಂದ ಶಾಂತಾ ಅಂಗಳದಲ್ಲೇ ಶುರುಮಾಡಿದಳು.

"ಅಕ್ಕಾ, ನಿಂಗೆ ಬುದ್ಧಿ ಐತೋ ಇಲ್ಲೋ? ಭಾವ ಇನ್ನಾ ಉಸಿರಾಡ್ತಾ ಅದಾರೆ. ಅವರ ಹೆಸರು ಕೈಯಾರೆ ಉಜ್ಜಿ ತೆಗಿತೀಯಾ? ನಾಳೆ ಏನಾರ ಆದ್ರೆ ಜನ ಏನಂತಾರೆ?"

"ಜನ ಬಂದು ಕೌದಿ ಹಿಂಡ್ತಾರೇನು?"

"ಬಾಯಿ ಮಾತ್ರ ಬೇಕಾದಷ್ಟು ಐತೆ ನಿಂಗೆ."

"ಕೈ ಸೋತೈತಲ್ಲ, ಬಾಯಾದ್ರೂ ಇರ್ಲಿ ಬಿಡು."

ಹೀಗೆ ಅಂದೆನೇ ಹೊರತು ನನಗೂ ಒಳಗೆ ಹೆದರಿಕೆಯಿತ್ತು. ಹುಣ್ಣು ಆಗ ನಿಂಬೆಹಣ್ಣಿನಷ್ಟಾಗಿತ್ತು. ಹೆಸರು ಅಳಿಸಿದರೆ ಮನುಷ್ಯ ಹೋಗುತ್ತಾನೆ ಅಂತ ಎಲ್ಲಿಯೂ ಬರೆದಿಲ್ಲ. ಒದ್ದೆ ಹಾಸಿಗೆಯಲ್ಲಿ ಹೋಗುತ್ತಾನೆ ಅಂತ ಡಾಕ್ಟರು ಹೇಳಿದ್ದರು. ಹೀಗೆ ಲೆಕ್ಕ ಹಾಕಿದರೆ ಯಾವುದು ಸರಿ ಅಂತ ಎರಡನೇ ಇಯತ್ತೆಯವಳಿಗೂ ತಿಳಿಯುತ್ತದೆ. ಆದರೂ ಮರಳು ಕಾಗದ ತಂದು ಇಟ್ಟುಕೊಂಡು ಒಂದು ದಿನ ಸುಮ್ಮನೆ ಕೂತೆ. ಕೊನೆಗೆ ಹೆಸರಿನ ಒಡೆಯರನ್ನೇ ಕೇಳಿದರಾಯಿತು ಅನ್ನಿಸಿತು.

"ನೋಡ್ರಿ, ನಿಮ್ಮ ಹೆಸರು ತೆಗೆದ್ರೆ ಮಾತ್ರ ಬೇರೆ ಮಿಷಿನ್ ಕೊಡ್ತಾರಂತೆ. ತೆಗಿಲೇನು?"

ಅವರು ನನ್ನನ್ನು ನೋಡಿದರು, ಕೈಯಲ್ಲಿದ್ದ ಮರಳು ಕಾಗದ ನೋಡಿದರು. ಕೊಡು ಅಂತ ಎಡಗೈ ಚಾಚಿದರು. ಕೊಟ್ಟೆ. ಕಾಗದವನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿ, ಬೇಡ ಅಂತ ತಲೆ ಆಡಿಸಿದರು. ಆಮೇಲೆ ಹೆಬ್ಬೆರಳು ತೋರುಬೆರಳು ಹತ್ತಿರ ತಂದು ತೋರಿಸಿದರು. ಕಾಗದ ಒರಟಾಯಿತು, ಇನ್ನೂ ಸಣ್ಣ ಹರಳಿನದು ತಾ ಅಂತ. ಗೋಡೆಯ ಮೇಲೆ ಕೈ ಆಡಿಸಿ, ಒಂದೇ ದಿಕ್ಕಿಗೆ ಉಜ್ಜಬೇಕು, ಸುತ್ತಿ ಸುತ್ತಿ ಉಜ್ಜಬಾರದು ಅಂತಲೂ ತೋರಿಸಿದರು. ಅವರಿಗೆ ಅದು ತಗಡಿನ ಕೆಲಸ, ಅಷ್ಟೇ.

ಯಂತ್ರವನ್ನು ಮಂಚದ ಪಕ್ಕಕ್ಕೆ ಎಳೆದೆವು. ಚಂದ್ರಪ್ಪನಿಗೆ ಕೊರೆಯಲು ಕಾಲು ಗಂಟೆ ಹಿಡಿದಿದ್ದರೆ ನನಗೆ ತೆಗೆಯಲು ಎರಡು ದಿನ ಹಿಡಿಯಿತು. ದಿಕ್ಕು ತಪ್ಪಿದರೆ ಅವರು ಗೋಡೆ ಬಡಿಯುತ್ತಿದ್ದರು. ಮದುವೆಯಾದಾಗಿನಿಂದ ನಾವಿಬ್ಬರೂ ಕೂಡಿ ಮಾಡಿದ ಕೆಲಸ ಅದೊಂದೇ ಅಂತ ಕಾಣುತ್ತದೆ. ಬಳ್ಳಿ ಹೋಯಿತು, ದಾವಣಗೆರೆ ಹೋಯಿತು, ಅಕ್ಷರ ಒಂದೊಂದೇ ಹೋದವು. ಕೆಳಗಿನ ತಗಡು ಬಿಳಚಿಕೊಂಡು ಕಂಡಿತು. ಶಾಂತಾ ಮೂಗಿಗೆ ಸೆರಗು ಮುಚ್ಚಿಕೊಂಡು, ಬೈಯುತ್ತಲೇ ಬಿಳಿ ಬಣ್ಣ ಬಳಿದಳು. ಗೋಣಿತಾಟಿನಲ್ಲಿ ಸುತ್ತಿ ದಬ್ಬಣದಿಂದ ಹೊಲಿದೆವು.

ಬಂದ ಆಫೀಸಿನಿಂದಲೇ ವಾಪಸ್ ಹೋಗಬೇಕಂತೆ. ಶಾಂತಾಳನ್ನು ನಮ್ಮವರ ಹತ್ತಿರ ಕೂರಿಸಿ, ಲಗೇಜ್ ಆಟೋದಲ್ಲಿ ಹರಿಹರಕ್ಕೆ ಹೋದೆ. ಟ್ರಾನ್ಸ್‌ಪೋರ್ಟ್ ಆಫೀಸಿನ ಗುಮಾಸ್ತರು ರೆಹಮಾನ್ ಸಾಬರು, ನನಗಿಂತ ಹತ್ತು ವರ್ಷ ಚಿಕ್ಕವರಿರಬೇಕು. ಕಂಪನಿಯಿಂದ ಅವರಿಗೂ ಕಾಗದ ಬಂದಿತ್ತು, ಮಾಲಿನ ಸ್ಥಿತಿ ನೋಡಿ ರಸೀದಿಯಲ್ಲಿ ಬರೆಯಬೇಕು ಅಂತ. ಅವರು ಗೋಣಿಯ ಒಂದು ಮಗ್ಗುಲು ಬಿಚ್ಚಿಸಿದರು. ಬಣ್ಣ ಇನ್ನೂ ಹಸಿಯಿತ್ತು, ಗೋಣಿಯ ಎಳೆಗಳು ಅದಕ್ಕೆ ಅಂಟಿದ್ದವು. ಅವರು ತಲೆ ಓರೆ ಮಾಡಿ ನೋಡಿದರು. ಓರೆ ಬೆಳಕಿನಲ್ಲಿ ಬಣ್ಣದ ಕೆಳಗೆ ಅಕ್ಷರಗಳು ಎದ್ದು ಕಾಣುತ್ತಿದ್ದವು.

"ಅಮ್ಮಾ, ಇಲ್ಲಿ ಹೆಸರಿತ್ತಲ್ರೀ. ಯಾರದು?"

"ನಮ್ಮನಿಯವ್ರದು."

ಅವರು ಟೊಪ್ಪಿಗೆ ಸರಿ ಮಾಡಿಕೊಂಡರು. "ತೀರ್ಕೊಂಡು ಎಷ್ಟು ದಿನ ಆತ್ರಿ?"

"ಅದಾರೆ. ಮನಿಯಾಗೆ ಮಲಗ್ಯಾರೆ."

"ತೋಬಾ ತೋಬಾ. ಇರೋರ ಹೆಸರು ಯಾಕ ತೆಗೆದ್ರಿ?"

"ಒಣ ಚಾದರ ಬೇಕಿತ್ರಿ ಸಾಬ್ರ," ಅಂದೆ. ಬೇರೆ ಏನು ಹೇಳಬೇಕೋ ತಿಳಿಯಲಿಲ್ಲ. ಹುಣ್ಣಿನ ವಿಷಯ ಹೇಳಿದೆ. ಅಂಗಡಿಯವನಿಗೆ ಹೇಳಲು ನಾಚಿದ್ದನ್ನು ಮೂಟೆಗಳ ನಡುವೆ ನಿಂತು ಗುರುತಿಲ್ಲದವರಿಗೆ ಹೇಳಿದೆ. ಅವರು ಚ್ ಚ್ ಅನ್ನಲಿಲ್ಲ. "ನಮ್ಮ ಅಮ್ಮೀಗೂ ಹಿಂಗೇ ಆಗಿತ್ರಿ. ಬೆನ್ನು ಕೊಳೆತು ಹೋದ್ಲು," ಅಂದರು. ಹಮಾಲನಿಂದ ದಬ್ಬಣ ಇಸಕೊಂಡು ಬಿಚ್ಚಿದ ಮಗ್ಗುಲನ್ನು ತಾವೇ ಹೊಲಿದರು. ಮತ್ತೆ ರಸೀದಿಯಲ್ಲಿ ಬರೆದು ನನಗೆ ಓದಿ ಹೇಳಿದರು: "ಗೋಣಿಯಲ್ಲಿ ಹೊಲಿದ ಮಾಲು. ಒಳಗಿನದು ಗೊತ್ತಿಲ್ಲ." ಅವರು ಸುಳ್ಳು ಬರೆದರು ಅಂತ ನಾನು ಹೇಳುವುದಿಲ್ಲ. ಒಳಗಿನದು ಯಾರಿಗೆ ಗೊತ್ತಿರುತ್ತದೆ?

ಗೋಡೌನಿನವರು ಇಳಿಸಿಕೊಂಡರು. ಬೇರೆ ಯಂತ್ರ ಬರಲು ಇಪ್ಪತ್ತೆರಡು ದಿನ ಹಿಡಿಯಿತು. ದಿನಾ ಫೋನ್ ಮಾಡಿದೆ, ದಿನಾ "ಹೊರಟಿದೆ ಮೇಡಂ" ಅಂದರು. ಇಪ್ಪತ್ತೆರಡು ದಿನವೂ ಮಳೆ. ಇಪ್ಪತ್ತೆರಡು ದಿನವೂ ಕಂಬ, ಕೌದಿ, ಇದ್ದಿಲು. ಹುಣ್ಣು ಅಂಗೈ ಅಗಲವಾಯಿತು, ತಳದಲ್ಲಿ ಬೆಳ್ಳಗೆ ಏನೋ ಕಂಡಿತು. ಅದು ಏನು ಅಂತ ಯಾರನ್ನೂ ಕೇಳಲಿಲ್ಲ. ಡಾಕ್ಟರನ್ನು ಕರೆಯಲೂ ಇಲ್ಲ. ಕರೆಯಬೇಡಿ ಅಂದಿದ್ದರಲ್ಲ.

ಹೊಸ ಯಂತ್ರ ಹಿಂಡಿತು. ಟೀವಿಯ ಹೆಂಗಸಿನ ಹಾಗೆ ನಾನೂ ಕೌದಿಯನ್ನು ಒಂದೇ ಕೈಯಲ್ಲಿ ಎತ್ತಿದೆ. ನಗೆ ಮಾತ್ರ ಬರಲಿಲ್ಲ. ಇದ್ದಿಲು ಒಲೆಯ ಮೇಲೆ ಅರ್ಧ ಗಂಟೆ ಹಿಡಿದರೆ ಗರಿಗರಿ. ಹಾಸಿದೆ, ಅವರನ್ನು ತಿರುಗಿಸಿ ಮಲಗಿಸಿದೆ. ಎಡಗೈ ಚಾದರದ ಮೇಲೆ ಆಡಿಸಿದರು, ಮತ್ತೆ ಆಡಿಸಿದರು, ಒಂದೇ ದಿಕ್ಕಿಗೆ. ಆ ಮಧ್ಯಾಹ್ನ ಗೊರಕೆ ಹೊಡೆದರು. ಎರಡು ತಿಂಗಳಿಂದ ಆ ಸದ್ದು ಕೇಳಿರಲಿಲ್ಲ. ಹನ್ನೆರಡನೇ ದಿನ ತೀರಿಕೊಂಡರು.

ಶಾಂತಾ ಹೆಸರಿನ ವಿಷಯವನ್ನು ಬಾಯಿಬಿಟ್ಟು ಹೇಳಲಿಲ್ಲ, ಮನಸ್ಸಿನಲ್ಲಿ ಹೇಳಿದ್ದು ನನಗೆ ಕೇಳಿಸಿತು. ಮಾತಾಡಿಸಲು ಬಂದವರಲ್ಲಿ ಕೆಲವರು ಬಚ್ಚಲ ಕಡೆ ಕಣ್ಣು ಹಾಯಿಸಿ, ಆ ಯಂತ್ರ ನೋಡಿ, "ಅಷ್ಟು ಒದ್ದಾಡಿ ತರಿಸಿದ್ರಿ. ಏನು ಉಪಯೋಗ ಆತು? ಬರೀ ಹನ್ನೊಂದು ದಿನ" ಅಂದರು. ಈಗಲೂ ಅನ್ನುವವರಿದ್ದಾರೆ. ನಾನು ವಾದ ಮಾಡುವುದಿಲ್ಲ. "ಮನಿಗೆ ಹೋಗಿ, ನಿಮ್ಮ ಚಾದರಕ್ಕೆ ಒಂದು ತಂಬಿಗೆ ನೀರು ಹಾಕ್ಕೊಂಡು ಮಲಗ್ರಿ. ಬೆಳಿಗ್ಗೆ ಬರ್ರಿ, ಹನ್ನೊಂದು ದಿನ ಅಂದ್ರೆ ಎಷ್ಟು ಅಂತ ಕೂತು ಮಾತಾಡೋಣ" ಅನ್ನುತ್ತೇನೆ. ಇಲ್ಲಿಯ ತನಕ ಬೆಳಿಗ್ಗೆ ಯಾರೂ ಬಂದಿಲ್ಲ.